ಮುದುಕರ ಆರೈಕೆ ಕಲಿಸುವವರು ಲೈನ್ ಮನೆಗಳಿಗೆ ಬರಲಿ



ತಿಂಗಳ ಮೊದಲನೆಯ ಶುಕ್ರವಾರ ನಾವು ಗುರುಗಳ ಜೊತೆಯಲ್ಲಿ ಕಾಯಿಲೆಯವರ ಮನೆಗಳಿಗೆ ಪರಮಪ್ರಸಾದದೊಡನೆ ಹೋಗುವುದುಂಟು. ಹೋದ ಮನೆಯಲ್ಲೆಲ್ಲ ಪಟದ ಪಕ್ಕದ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿರುತ್ತದೆ. ಅದರ ತುಂಬ ಮಾತ್ರೆ. ಈಚೆಗೆ ಒಬ್ಬ ಅಜ್ಜನವರ ಚೀಲವನ್ನು ಬಿಚ್ಚಿ ನೋಡಿದೆವು. ಮೂವತ್ತು ವರ್ಷ ಕಲ್ಲು ಹೊತ್ತ ಜೀವ ಅದು. ರಕ್ತದ ಒತ್ತಡಕ್ಕೆಂದು ಎರಡು ಕಡೆ ಕೊಟ್ಟ ಎರಡು ಪಟ್ಟಿ. ಮೇಲಿನ ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಮದ್ದು ಒಂದೇ. ಎರಡನ್ನೂ ತಪ್ಪದೆ ನುಂಗುತ್ತಿದ್ದರು. ರಾತ್ರಿ ಬಹಿರ್ದೆಸೆಗೆಂದು ಎದ್ದವರು ಕಣ್ಣು ಕತ್ತಲೆಗಟ್ಟಿ ಹೊಸ್ತಿಲ ಮೇಲೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಸೊಸೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ಸಾಲದ ಮಾತು ನಾವು ಬರೆಯಬೇಕಾಗಿಲ್ಲ, ನಿಮಗೇ ತಿಳಿದದ್ದು.

ಇದರಲ್ಲಿ ಯಾರ ಕೇಡುಬುದ್ಧಿಯೂ ಇಲ್ಲ. ಎರಡು ಕಡೆಯೂ ನೂರಾರು ಜನರ ಸಾಲು. ಎರಡು ನಿಮಿಷದಲ್ಲಿ ಚೀಟಿ. ಮುದುಕರನ್ನು ನೋಡುವುದೇ ಬೇರೆ ವಿದ್ಯೆ ಎಂಬುದು ನಮ್ಮ ಕಡೆ ಇನ್ನೂ ಬೇರೂರಿಲ್ಲ. ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತರಿಸಿ ಮೇಜಿನ ಮೇಲೆ ಸುರಿದು ನೋಡಬೇಕು. ಒತ್ತಡವನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳೆಯಬೇಕು. ಕುರ್ಚಿಯಿಂದ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು. ವಯಸ್ಸಾದವರಿಗೆ ನ್ಯುಮೋನಿಯಾ ಆದರೆ ಜ್ವರವೇ ಕಾಣದೆ ಇರಬಹುದು. ಮಾತು ಮಾತ್ರ ತಪ್ಪುತ್ತದೆ. ಮೂತ್ರದ ಸೋಂಕಿನಲ್ಲೂ ಹಾಗೆಯೇ. ನಾವೋ, ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುತ್ತೇವೆ. ಕೆಲವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತಾರೆ. ನಮ್ಮ ಸಭೆಯ ಮನೆಗಳಲ್ಲೂ ಕಟ್ಟಿಸುತ್ತಾರೆ, ಮುಚ್ಚಿಡುವುದೇಕೆ?

ಈ ವಿದ್ಯೆ ಪರದೇಶದ್ದೇನಲ್ಲ. 1978ರಲ್ಲಿ ಡಾಕ್ಟರ್ ವಿ. ಎಸ್. ನಟರಾಜನ್ ಅವರು ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗೆಂದೇ ಹೊರರೋಗಿ ವಿಭಾಗ ತೆರೆದರು. ಅದೇ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ 1996ರಲ್ಲಿ ವೃದ್ಧವೈದ್ಯದ ಎಂ.ಡಿ. ತರಗತಿ ಆರಂಭವಾಯಿತು. 2010-11ರಲ್ಲಿ ಕೇಂದ್ರ ಸರಕಾರ ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ತಂದಾಗ ಮೊದಲು ಆರಿಸಿದ 8 ಪ್ರಾದೇಶಿಕ ಕೇಂದ್ರಗಳಲ್ಲಿ ಮದರಾಸು ಕಾಲೇಜೂ ಒಂದು. ಆ ಯೋಜನೆಯ ಲೆಕ್ಕ ಸರಳ: ದೊಡ್ಡ ಕಾಲೇಜು ಜಿಲ್ಲಾ ಆಸ್ಪತ್ರೆಯವರಿಗೆ ಕಲಿಸಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗೆ 10 ಹಾಸಿಗೆ ಇರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ವೃದ್ಧರ ಕ್ಲಿನಿಕ್ ನಡೆಯಬೇಕು. ಒಂದು ಸಂಸ್ಥೆ ಇನ್ನೊಂದರ ಕೈ ಹಿಡಿದು ಕೆಳಗಿನವರೆಗೆ ವಿದ್ಯೆಯನ್ನು ಇಳಿಸುವ ಏರ್ಪಾಟು. 2011ರ ಜನಗಣತಿಯಲ್ಲೇ ತಮಿಳುನಾಡಿನಲ್ಲಿ ನೂರಕ್ಕೆ 10 ಮಂದಿಗಿಂತ ಹೆಚ್ಚು ಜನ 60 ದಾಟಿದ್ದರು. ಆದ್ದರಿಂದ ಇದು ಕಾಯುವ ಕೆಲಸವಲ್ಲ.

ಈಗ ನಮ್ಮ ಸುತ್ತ ನೋಡೋಣ. 2022ರ ಜನವರಿಯಿಂದ ಕೃಷ್ಣಗಿರಿಯಲ್ಲೇ ಸರಕಾರಿ ವೈದ್ಯಕೀಯ ಕಾಲೇಜಿದೆ. ಮನೆ ಬಾಗಿಲಿಗೆ ಔಷಧ ತರುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಹೊರಟದ್ದೇ ನಮ್ಮ ಜಿಲ್ಲೆಯ ಸಾಮನಪಳ್ಳಿಯಿಂದ. ಗಡಿಯಾಚೆ, ಹೊಸೂರಿನಿಂದ 40 ಕಿಲೋಮೀಟರಿನೊಳಗೆ, 1963ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರು ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿದೆ. ಸರ್ಜಾಪುರದ ಹತ್ತಿರದ ಮುಗಳೂರಿನಲ್ಲಿ ಅದಕ್ಕೆ ಹಳ್ಳಿಯ ತರಬೇತಿ ಕೇಂದ್ರವೂ ಇದೆ. ಇತ್ತ ಇ.ಎಸ್.ಐ. ಇದೆ. ಇಷ್ಟೆಲ್ಲ ಇದ್ದೂ ಇವು ಒಂದಕ್ಕೊಂದು ಕೈಜೋಡಿಸಿ ನಮ್ಮ ಲೈನುಗಳಲ್ಲಿ ನರ್ಸುಗಳಿಗೆ ಮುದುಕರ ಆರೈಕೆ ಕಲಿಸುವುದನ್ನು ನಾವು ಕಂಡಿಲ್ಲ. ಗಡಿಯ ಕಲ್ಲು ರೋಗಕ್ಕೆ ಅಡ್ಡ ಬರುವುದಿಲ್ಲ. ಪಾಠಕ್ಕೆ ಮಾತ್ರ ಬರಬೇಕೆ?

ಒಪ್ಪಂದವೆಂದರೆ ದೊಡ್ಡವರು ಸಹಿ ಹಾಕಿ ಶಾಲು ಹೊದ್ದು ಪಟ ತೆಗೆಸಿಕೊಳ್ಳುವುದಲ್ಲ. ಕಾಲೇಜಿನ ಹುಡುಗರೂ ನರ್ಸಿಂಗ್ ವಿದ್ಯಾರ್ಥಿನಿಯರೂ ತಿಂಗಳಿಗೆರಡು ದಿನವಾದರೂ ನಮ್ಮ ಹೊಸ್ತಿಲು ಎಷ್ಟು ಎತ್ತರವಿದೆ, ಕಕ್ಕಸು ಎಷ್ಟು ದೂರವಿದೆ, ದೀಪವಿದೆಯೇ ಎಂದು ನೋಡಿ ಕಲಿಯಬೇಕು. ಆಸ್ಪತ್ರೆಯ ಮಂಚದ ಮೇಲೆ ಕಾಣದ ಪಾಠ ಅದು. ಡಾಕ್ಟರರು ಮಾತ್ರ ಕಲಿತರೆ ಸಾಲದು. ಔಷಧ ಎಣಿಸಿ ಕೊಡುವವರು, ಹಳ್ಳಿ ನರ್ಸು, ಮನೆ ಮನೆ ತಿರುಗುವ ಸ್ವಯಂಸೇವಕಿ, ಇವರೇ ಮೊದಲು ಕಲಿಯಬೇಕಾದವರು. ಹಾಗೆಯೇ ಭಾಷೆ. ದೆಂಕಣಿಕೋಟೆ, ತಳಿ, ಕೆಲಮಂಗಲದ ಕಡೆಯ ನಮ್ಮ ಅಜ್ಜಿಯಂದಿರಿಗೆ ತಮಿಳು ಅಂಗಡಿಯಷ್ಟಕ್ಕೆ ಸಾಕು. ನೋವನ್ನು ಹೇಳಲು ಕನ್ನಡವೋ ತೆಲುಗೋ ಬೇಕು. "ಎದೆ ಹಿಡಿದಂಗಾಗ್ತದೆ" ಎಂಬುದಕ್ಕೂ "ಎದೆ ಉರೀತದೆ" ಎಂಬುದಕ್ಕೂ ಇರುವ ಅಂತರ ತಿಳಿಯದ ಕಡೆ ಜೀವ ಹೋಗುತ್ತದೆ.

ಸಂಘದ ಗೆಳೆಯರು ಕೆಲವರು ನಮ್ಮನ್ನು ಕೇಳಿದರು: ಕೂಲಿ ಬಾಕಿ ಇರುವಾಗ, ಗುತ್ತಿಗೆಯವರು ಕಾಯಂ ಆಗದಿರುವಾಗ, ಮುದುಕರ ಮಾತೇಕೆ ಎಂದು. ಮುದುಕರಾದವರು ಕಾರ್ಮಿಕರಲ್ಲವೇ? ಅವರ ಸವೆದ ಮಂಡಿ, ಧೂಳು ತುಂಬಿದ ಎದೆ ಎಲ್ಲಿಂದ ಬಂದವು? ಆದರೆ ಅವರ ಒಂದು ಆತಂಕವನ್ನು ನಾವು ಒಪ್ಪುತ್ತೇವೆ. ಗೌರವಧನದ ಮೇಲೆ ದುಡಿಯುವ ಸ್ವಯಂಸೇವಕಿಯರಿಗೆ ತರಬೇತಿಯ ಹೆಸರಿನಲ್ಲಿ ಇನ್ನಷ್ಟು ಹೊರೆ ಹೊರಿಸಿ, ಕೈಗೆ ಒಂದು ಕಾಗದದ ಪ್ರಮಾಣಪತ್ರ ಕೊಟ್ಟು ಕಳಿಸುವುದಾದರೆ ಅದು ಬೇಡ. ಕಲಿತ ಕೆಲಸಕ್ಕೆ ಕೂಲಿ ಏರಬೇಕು. ಒಪ್ಪಂದದಲ್ಲೇ ಅದು ಬರೆದಿರಬೇಕು.

ಇನ್ನೊಂದು ಮಾತು, ಹಲವರಿಗೆ ತಿಳಿಯದ್ದು. ಕನಿಷ್ಠ 5 ವರ್ಷ ಇ.ಎಸ್.ಐ.ನಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಗಂಡ ಅಥವಾ ಹೆಂಡತಿಗೂ ಚಿಕಿತ್ಸೆ ಪಡೆಯಬಹುದೆಂದು ನಿಯಮವಿದೆ. ಕಾರ್ಡು ಪೆಟ್ಟಿಗೆಯಲ್ಲಿ ಕೊಳೆಯುತ್ತಿರುವವರು ಸಂಘದ ಕಚೇರಿಗೆ ತನ್ನಿ, ಅರ್ಜಿ ನಾವು ಬರೆದುಕೊಡುತ್ತೇವೆ.

ಕೃಷ್ಣಗಿರಿ ಕಾಲೇಜಿನ ಡೀನರಿಗೂ ಸೇಂಟ್ ಜಾನ್ಸ್‌ನ ನಿರ್ದೇಶಕರಿಗೂ ಒಂದೇ ಮನವಿಯನ್ನು ಎರಡು ಪ್ರತಿ ಮಾಡಿ ಬರೆದಿದ್ದೇವೆ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಗುಡಿಯ ಅಂಗಳದಲ್ಲಿ ಓದಿ ಹೇಳುತ್ತೇವೆ. ಸಹಿಯೋ ಹೆಬ್ಬೆಟ್ಟೋ ಹಾಕಿ. ಬರುವಾಗ ಮನೆಯ ಹಿರಿಯರ ಮಾತ್ರೆ ಚೀಲವನ್ನೂ ತನ್ನಿ. ಅಂದು ಒಬ್ಬ ನರ್ಸಮ್ಮ ಬಂದು ನೋಡಲು ಒಪ್ಪಿದ್ದಾರೆ.