ಪಿನ್‌ಬಾಲ್ ಆಡಲು ಎಲ್ಲಿಗೆ ಹೋಗಬೇಕು? ಆಟದ ತಾಣವಿಲ್ಲದ ಊರುಗಳ ಪ್ರಶ್ನೆ

ಸುರೇಬಾನ: ಪಿನ್‌ಬಾಲ್ ಎಂದೊಡನೆ ಉತ್ತರ ಕರ್ನಾಟಕದ ಬಹುತೇಕರಿಗೆ ನೆನಪಾಗುವುದು ಯಂತ್ರವಲ್ಲ, ಕಂಪ್ಯೂಟರ್ ಪರದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ ಉಚಿತವಾಗಿ ದೊರೆಯುತ್ತಿದ್ದ ಆ ಆಟವನ್ನು ಸೈಬರ್ ಕೆಫೆಗಳಲ್ಲಿ, ಕಚೇರಿಗಳಲ್ಲಿ ಆಡಿದವರು ಅಸಂಖ್ಯ. ಆದರೆ ಗಾಜು ಹೊದಿಸಿದ ಇಳಿಜಾರು ಮೇಜು, ಅದರ ಮೇಲೆ ಉರುಳುವ ಉಕ್ಕಿನ ಗುಂಡು, ಗುಂಡು ಕೆಳಗೆ ಬೀಳದಂತೆ ತಡೆದು ಮೇಲಕ್ಕೆ ಚಿಮ್ಮಿಸುವ ಎರಡು ತೋಳುಗಳು - ಇಂಥ ನಿಜವಾದ ಯಂತ್ರದ ಮುಂದೆ ನಿಂತವರು ವಿರಳ.

ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಿನ ಯುವಕನೊಬ್ಬ ಹಣವನ್ನು ಪಣಕ್ಕಿಡದೆ ಯಂತ್ರದ ಆಟವೊಂದನ್ನು ಆಡಬಯಸಿದರೆ ಎಲ್ಲಿಗೆ ಹೋಗಬೇಕು? ಜಾತ್ರೆಯ ದಿನಗಳಲ್ಲಿ ತೊಟ್ಟಿಲು, ರಿಂಗ್ ಎಸೆತ, ಬಲೂನಿಗೆ ಗುರಿಯಿಡುವ ಬಂದೂಕು ಬರುತ್ತವೆ. ಜಾತ್ರೆ ಮುಗಿದೊಡನೆ ಅವು ಮುಂದಿನ ಊರಿಗೆ ತೆರಳುತ್ತವೆ. ಆನಂತರ ಕೈಯಲ್ಲಿ ಉಳಿಯುವುದು ಮೊಬೈಲ್ ಮಾತ್ರ. ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಈ ಪ್ರಶ್ನೆಯ ಹಿಂದೆ ಕಾನೂನು, ಸುರಕ್ಷತೆ ಮತ್ತು ಎಳೆಯರ ಭವಿಷ್ಯದ ಸಂಗತಿಗಳು ಅಡಗಿವೆ.

ಅನುಮಾನದ ಇತಿಹಾಸ

ನಾಣ್ಯ ಹಾಕಿ ಆಡುವ ಯಂತ್ರದ ಮೇಲಿನ ಅನುಮಾನ ನಮ್ಮದಷ್ಟೇ ಅಲ್ಲ. ಶಾಲಾ ಮಕ್ಕಳ ಚಿಲ್ಲರೆ ಕಾಸನ್ನು ಇದು ದೋಚುತ್ತಿದೆ ಎಂದು ಆಕ್ಷೇಪಿಸಿದ ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ, 1942ರಲ್ಲಿ ಪಿನ್‌ಬಾಲನ್ನು ನಿಷೇಧಿಸಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಅಂದಿನ ಯಂತ್ರಗಳಲ್ಲಿ ಗುಂಡು ಬೀಳುವ ಜಾಗವನ್ನು ಬಹುಪಾಲು ಅದೃಷ್ಟವೇ ನಿರ್ಧರಿಸುತ್ತಿತ್ತು. 1947ರಲ್ಲಿ ಗಾಟ್ಲೀಬ್ ಕಂಪನಿ ಚಿಮ್ಮಿಸುವ ತೋಳುಗಳನ್ನು ಅಳವಡಿಸಿದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಆದರೂ ನ್ಯೂಯಾರ್ಕಿನ ನಿಷೇಧ ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಆಟಗಾರ ನಗರ ಸಭೆಯ ಸದಸ್ಯರೆದುರು, ಗುಂಡು ಯಾವ ದಾರಿಯಲ್ಲಿ ಹೋಗುವುದೆಂದು ಮೊದಲೇ ಹೇಳಿ ಹಾಗೆಯೇ ಆಡಿ ತೋರಿಸಬೇಕಾಯಿತು. ಯಂತ್ರ ಬದಲಾಗಿ ಮೂರು ದಶಕ ಸಮೀಪಿಸಿದ ಬಳಿಕ ಕಾನೂನು ಬದಲಾಯಿತು!

ಕರ್ನಾಟಕದ ಕಾನೂನು ಏನನ್ನುತ್ತದೆ?

ಕರ್ನಾಟಕದಲ್ಲಿಯೂ ಚರ್ಚೆ ಸುತ್ತಿದ್ದು ಇದೇ ಪ್ರಶ್ನೆಯನ್ನು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಶಿಕ್ಷಾರ್ಹಗೊಳಿಸಿ, ಕೇವಲ ಕೌಶಲದ ಆಟಗಳಿಗೆ ವಿನಾಯಿತಿ ನೀಡಿತ್ತು. ಸಾರ್ವಜನಿಕ ಮನೋರಂಜನೆಯ ಸ್ಥಳಗಳಿಗೆ ಪರವಾನಗಿ ವಿಧಿಸುವ ಅಧಿಕಾರವನ್ನು ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ, ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗೆ ಕೊಟ್ಟಿತ್ತು. ಈ ಅಧಿಕಾರದಡಿ ಬೆಂಗಳೂರು ನಗರಕ್ಕೆ 1989ರಲ್ಲಿ ಹೊರಬಿದ್ದ ಆದೇಶವನ್ನು ವಿಡಿಯೊ ಗೇಮ್ ಪಾರ್ಲರ್‌ಗಳ ಮಾಲೀಕರು ಪ್ರಶ್ನಿಸಿದರು. 1995ರಲ್ಲಿ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ನಿಯಂತ್ರಣಾಧಿಕಾರವನ್ನು ಎತ್ತಿಹಿಡಿಯಿತು. ಯಂತ್ರದ ಒಳಗನ್ನೇ ತಿದ್ದಿದರೆ ಆಡುವವನ ಕೌಶಲ ವ್ಯರ್ಥವಾದೀತೆಂಬ ಆತಂಕವೂ ಅಲ್ಲಿ ವ್ಯಕ್ತವಾಯಿತು. ಅದು ಆಧಾರರಹಿತ ಆತಂಕವಾಗಿರಲಿಲ್ಲ.

ಆದರೆ ಪಾರ್ಲರುಗಳ ಮೇಲೆ ಕಣ್ಣಿಟ್ಟಿದ್ದ ವ್ಯವಸ್ಥೆಯ ಬೆನ್ನ ಹಿಂದೆಯೇ ಪಣದ ಆಟ ಮೊಬೈಲ್ ಹೊಕ್ಕಿತು. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬೇರೆಯೇ ದಾರಿ ಹಿಡಿಯಿತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದವನ್ನು ಬದಿಗಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಆಟವೇ ಎಂಬುದನ್ನಷ್ಟೇ ಅದು ನೋಡುತ್ತದೆ. ಅಂಥ ಆಟ ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಇ-ಸ್ಪೋರ್ಟ್ಸ್ ಹಾಗೂ ಸಾಮಾಜಿಕ ಆಟಗಳಿಗೆ ಕಾಯ್ದೆಯಲ್ಲಿ ಮನ್ನಣೆಯಿದೆ.

ಮರೆತ ಮತ್ತೊಂದು ಅಪಾಯ

ಇದೇ ಅಳತೆಗೋಲು ಊರಿನ ಆಟದ ಅಂಗಡಿಗೂ ಸಲ್ಲಬೇಕಲ್ಲವೇ? ಹಣ ಇಲ್ಲವೇ ಹಣದ ಬೆಲೆಯ ವಸ್ತುವನ್ನು ಮರಳಿಸದ ಯಂತ್ರವನ್ನು ಜೂಜೆಂದು ಶಂಕಿಸುವುದರಲ್ಲಿ ಅರ್ಥವಿಲ್ಲ. ಅಧಿಕಾರಿಗಳ ಗಮನ ಹರಿಯಬೇಕಾದದ್ದು ಬೇರೆಡೆಗೆ. 2024ರ ಮೇ 25ರಂದು ಗುಜರಾತಿನ ರಾಜಕೋಟ್‌ನ ಗೇಮ್ ಝೋನ್ ಒಂದರಲ್ಲಿ ಬೆಂಕಿ ಹೊತ್ತಿ, ಮಕ್ಕಳೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಆ ತಾಣಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಅಲ್ಲಿ ಪ್ರಾಣ ತೆಗೆದದ್ದು ಜೂಜಲ್ಲ, ಸುರಕ್ಷತೆಯ ಲೋಪ.

ಹಾಗೆಂದು ನಾಳೆಯೇ ಸುರೇಬಾನದಲ್ಲಿ ಪಿನ್‌ಬಾಲ್ ಯಂತ್ರ ಬಂದು ಕೂರಲಿ ಎನ್ನುವುದು ವಾಸ್ತವಕ್ಕೆ ದೂರ. ಹೊಸ ಯಂತ್ರದ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಸುರುಳಿ, ರಬ್ಬರ್, ಸ್ವಿಚ್‌ಗಳು ಮೇಲಿಂದ ಮೇಲೆ ಸವೆಯುತ್ತವೆ. ರಿಪೇರಿ ಬಲ್ಲವರು ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದು ಕಷ್ಟ. ಯಂತ್ರದ ತವರಾದ ಅಮೆರಿಕದಲ್ಲಿಯೇ ಹೆಸರಾಂತ ವಿಲಿಯಮ್ಸ್ ಕಂಪನಿ 1999ರಲ್ಲಿ ಪಿನ್‌ಬಾಲ್ ತಯಾರಿಕೆಯನ್ನು ನಿಲ್ಲಿಸಿತು. ಬೆಳಗಾವಿ, ಹುಬ್ಬಳ್ಳಿಯಂಥ ನಗರಗಳಲ್ಲಿ ಯಾರಾದರೂ ಧೈರ್ಯ ಮಾಡಿದರೂ ಐದೋ ಹತ್ತೋ ರೂಪಾಯಿಯ ಆಟದಿಂದ ಬಂಡವಾಳ ಮರಳುವುದು ಸುಲಭವಲ್ಲ.

ಆದರೆ ಆಟದ ತಾಣಕ್ಕೆ ದುಬಾರಿ ಯಂತ್ರವೇ ಬೇಕೆಂದೇನಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದು, ಈಗ ಅರಿವು ಕೇಂದ್ರಗಳೆನಿಸಿವೆ. ಸಂಜೆಯ ವೇಳೆ ಅಲ್ಲೊಂದು ಕೇರಂ ಬೋರ್ಡ್, ಚದುರಂಗದ ಮಣೆ, ಕಂಪ್ಯೂಟರಿನಲ್ಲಿ ಪಣವಿಲ್ಲದ ಆಟ ದೊರೆತರೂ ಸಾಕು, ಎಳೆಯರಿಗೆ ಸೇರಲು ಜಾಗವಾದೀತು. ಖಾಸಗಿಯವರು ಆಟದ ಅಂಗಡಿ ತೆರೆಯಲು ಮುಂದೆ ಬಂದರೆ ಯಾವ ಆಟಕ್ಕೆ ಅನುಮತಿ, ಯಾವುದಕ್ಕೆ ಇಲ್ಲ, ಬಾಗಿಲೆಷ್ಟು, ವೈರಿಂಗ್ ಹೇಗೆ, ಮುಚ್ಚುವ ವೇಳೆ ಯಾವುದು ಎಂಬುದನ್ನು ಜಿಲ್ಲಾಡಳಿತ ಕನ್ನಡದಲ್ಲಿ ಸ್ಪಷ್ಟವಾಗಿ ಪ್ರಕಟಿಸಬೇಕು.

ಅಂಗಡಿಯಲ್ಲಿ ಆಡುವ ಹುಡುಗನನ್ನು ಮಾಲೀಕ ನೋಡುತ್ತಾನೆ, ದಾರಿಹೋಕ ಹಿರಿಯರು ನೋಡುತ್ತಾರೆ, ಬೀಟ್ ಪೊಲೀಸ್ ಕೂಡ ನೋಡುತ್ತಾನೆ. ಮಧ್ಯರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದವನನ್ನು ಯಾರು ನೋಡಬೇಕು? ಕಾನೂನು ಮಾಡಿದವರು ಜೂಜಿನ ಬಾಗಿಲು ಮುಚ್ಚಲು ಹೊರಟಿರುವುದು ಸರಿ. ಅದರ ಜೊತೆಗೇ ಆಟದ ಬಾಗಿಲೊಂದನ್ನು ತೆರೆಯುವ ಹೊಣೆಯನ್ನು ಸ್ಥಳೀಯ ಆಡಳಿತ ಹೊರಬೇಕಾಗಿದೆ.