ಮನೋವ್ಯಥೆಯೂ ಚಿತ್ರಕಲೆಯೂ

ಮೈಗಾದ ಗಾಯವನ್ನು ಕಂಡು ಮರುಗುವವರು ಬಹುಮಂದಿ. ಮನಸ್ಸಿಗಾದ ಗಾಯವನ್ನು ಗುರುತಿಸುವವರು ವಿರಳ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಇತಿಹಾಸವೇ ಇದಕ್ಕೆ ಸಾಕ್ಷಿ. 1942ರ ಸೆಪ್ಟೆಂಬರಿನಲ್ಲಿ ಈಸೂರಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಹತರಾದರು. ಜನರು ಮನೆಮಠ ತೊರೆದು ಕಾಡು ಸೇರಿದರು. 1943ರ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಆ ವೀರರನ್ನು ನಾಡು ಸ್ಮರಿಸುತ್ತಿದೆ. ಆದರೆ ಅವರ ಮಡದಿಮಕ್ಕಳ ಮನಸ್ಸನ್ನು, ಹತರಾದ ಅಧಿಕಾರಿಗಳ ಕುಟುಂಬದವರ ಮನಸ್ಸನ್ನು ವಿಚಾರಿಸಿದವರೆಷ್ಟು ಮಂದಿ? ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ತಲೆದೋರಿದಾಗ ಶಾಸ್ತ್ರಜ್ಞರು ರೋಗಾಣುವನ್ನು ಕಂಡುಹಿಡಿದರು. ಮನೆಯವರನ್ನು ಕಳೆದುಕೊಂಡವರ ಭಯದುಃಖಗಳಿಗೆ ಮದ್ದೇನು ದೊರೆಯಿತು?

ಇಂದಿಗೂ ಸಾಲದ ಭಾರದಿಂದ ಯಜಮಾನನನ್ನು ಕಳೆದುಕೊಂಡ ಮನೆಗಳುಂಟು. ಕುಡುಕ ತಂದೆಯ ಹೊಡೆತಕ್ಕೆ ಮಾತನ್ನೇ ಮರೆತ ಮಕ್ಕಳುಂಟು. ಇಂಥವರಿಗೆ ಬಾಯಿಂದ ಹೇಳಲಾಗದುದನ್ನು ಕೈ ಹೇಳಬಲ್ಲುದು. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ ಎಂಬವನು ಕ್ಷಯರೋಗದಿಂದ ಮಲಗಿದ್ದಾಗ ಚಿತ್ರ ಬರೆದು ನೆಮ್ಮದಿ ಪಡೆದು, ಇತರ ರೋಗಿಗಳಿಗೂ ಅದನ್ನು ಕಲಿಸಿದನು. ಈ ಕ್ರಮಕ್ಕೆ ‘ಕಲಾಚಿಕಿತ್ಸೆ’ ಎಂಬರ್ಥದ ಹೆಸರನ್ನು ಅವನಿತ್ತುದೂ ಈಸೂರಿನ ಅದೇ 1942ರಲ್ಲಿ.

ನಮ್ಮವರಿಗೆ ಇದು ಪರಕೀಯವೆಂದು ತೋರಬೇಕಾಗಿಲ್ಲ. ಸೊರಬ, ಸಾಗರಗಳ ದೀವರ ಹೆಂಗಳೆಯರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಯನ್ನು ಸಿಂಗರಿಸುತ್ತಾರೆ. ನಾಲ್ವರು ಕೂಡಿ ಕುಳಿತು ಗೆರೆಯೆಳೆಯುವ ಆ ಹೊತ್ತಿನಲ್ಲಿ ದುಃಖಿಯೊಬ್ಬಳು ಒಂಟಿಯಲ್ಲ. ಚಿಕಿತ್ಸೆಯು ಇಲ್ಲಿಂದಲೇ ಆರಂಭವಾಗಬಹುದು.

ಆದುದರಿಂದ ಮನೆಮನೆಯನ್ನೂ ಬಲ್ಲ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಈ ವಿಷಯದಲ್ಲಿ ಶಿಕ್ಷಣ ಕೊಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಹಳ್ಳಿಯ ಕಾರ್ಯಕರ್ತರಿಂದ ಇಂಥ ಕೆಲಸ ಸಾಧ್ಯವೆ ಎಂದು ಶಂಕಿಸುವವರು ಬಳ್ಳಾರಿಯನ್ನು ನೋಡಲಿ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಚಿಕಿತ್ಸೆಯಲ್ಲಿ ತರಬೇತಿಯಿತ್ತರು. ಅದೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಆದರೆ ಬಣ್ಣದ ಪೆಟ್ಟಿಗೆ ಹಂಚಿ, ಮೂರು ದಿನ ಭಾಷಣ ಮಾಡಿ, ಪ್ರಮಾಣಪತ್ರ ಕೊಟ್ಟು ಕಳುಹಿಸುವುದು ತರಬೇತಿಯಲ್ಲ. ಅರೆಬರೆ ಕಲಿತವರು ಆರುತ್ತಿರುವ ಗಾಯವನ್ನು ಕೆದಕಿಯಾರು. ನೊಂದವರನ್ನು ಬರೆಯಿರೆಂದಾಗಲಿ, ಹೇಳಿರೆಂದಾಗಲಿ ಬಲವಂತಪಡಿಸಕೂಡದು. ಮಗುವು ಕಪ್ಪು ಬಣ್ಣ ಬಳಿದೊಡನೆ ಅದಕ್ಕೆ ಅರ್ಥ ಕಟ್ಟಕೂಡದು. ಚಿತ್ರವು ಬರೆದವರ ಸ್ವತ್ತು. ಅದನ್ನು ಸಭೆಯ ಗೋಡೆಗೆ ತೂಗುಹಾಕಿ ಅತಿಥಿಗಳಿಗೆ ತೋರಿಸುವುದು ವಿಶ್ವಾಸದ್ರೋಹ. ಚಿಕ್ಕ ಊರಿನಲ್ಲಿ ಒಮ್ಮೆ ಹೊರಬಿದ್ದ ಗುಟ್ಟು ಮರಳಿ ಮನೆ ಸೇರದು. ನಿದ್ರಾಹಾರಗಳನ್ನು ತೊರೆದವರನ್ನೂ ಸಾವಿನ ಮಾತನಾಡುವವರನ್ನೂ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಚಿತ್ರಕಲೆಯು ವೈದ್ಯರಿಗೆ ನೆರವೇ ಹೊರತು ಬದಲಿಯಲ್ಲ.

ಇನ್ನೊಂದು ಮಾತು. ಈ ಕಾರ್ಯಕರ್ತೆಯರ ಹೆಗಲಮೇಲೆ ಈಗಾಗಲೇ ಹೊರೆ ಬಹಳವಿದೆ. ಸೇವೆಯೆಂಬ ಹೊಗಳಿಕೆಯೊಂದನ್ನೇ ಕೊಟ್ಟು ಮತ್ತೊಂದನ್ನು ಹೇರುವುದು ನ್ಯಾಯವಲ್ಲ. ತಕ್ಕ ಸಂಭಾವನೆಯೂ, ತಿಂಗಳಿಗೊಮ್ಮೆ ತಜ್ಞರೊಡನೆ ಕುಳಿತು ತಮ್ಮ ಮನದ ಭಾರವನ್ನಿಳಿಸುವ ಅವಕಾಶವೂ ಅವರಿಗೆ ದೊರೆಯಬೇಕು. ಜಿಲ್ಲಾ ಪಂಚಾಯತಿಯವರೂ ಆರೋಗ್ಯ ಇಲಾಖೆಯವರೂ ಈ ಎರಡು ತಾಲ್ಲೂಕುಗಳಲ್ಲಿ ಮೊದಲು ಚಿಕ್ಕದಾಗಿ ಪ್ರಯೋಗಿಸಿ, ಫಲವನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿ, ಬಳಿಕ ವಿಸ್ತರಿಸಲಿ. ಹುತಾತ್ಮರಿಗೆ ಕಲ್ಲು ನೆಟ್ಟು ಗೌರವಿಸಿದ ನಾಡು, ಬದುಕುಳಿದವರ ಕಣ್ಣೀರನ್ನೂ ಒರೆಸಲು ಕಲಿಯಬೇಕಾಗಿದೆ.