ಬಂಧ ಮುರಿದರೆ ಶಕ್ತಿ ಬರುವುದೇ?

“ರಾಸಾಯನಿಕ ಬಂಧಗಳಲ್ಲಿ ಶಕ್ತಿ ಅಡಗಿದೆ, ಅವನ್ನು ಮುರಿದೊಡನೆ ಅದು ಹೊರಬೀಳುತ್ತದೆ” ಎಂಬ ಉತ್ತರವನ್ನು ಪ್ರತಿವರ್ಷವೂ ಓದುತ್ತಿದ್ದೇವೆ. ಈ ವಾಕ್ಯವನ್ನು ವಿದ್ಯಾರ್ಥಿಗಳು ಕೈಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಬಂಧವನ್ನು ಮುರಿಯಲು ಶಕ್ತಿಯನ್ನು ವ್ಯಯಿಸಬೇಕು. ಬಂಧ ಕೂಡಿದಾಗಲೇ ಶಕ್ತಿ ಬಿಡುಗಡೆಯಾಗುವುದು.

ಜಲಜನಕ, ಆಮ್ಲಜನಕಗಳು ಸೇರಿ ನೀರಾಗುವುದನ್ನು ನೋಡಿರಿ. ಎರಡು ಮೋಲ್ ಜಲಜನಕದ ಹಾಗೂ ಒಂದು ಮೋಲ್ ಆಮ್ಲಜನಕದ ಬಂಧಗಳನ್ನು ಬಿಡಿಸಲು ತಗಲುವ ವೆಚ್ಚ ಸುಮಾರು 1,370 ಕಿಲೋಜೂಲ್. ನೀರಾವಿಯ ನಾಲ್ಕು ಮೋಲ್ ಹೊಸ ಬಂಧಗಳು ಕೂಡಿದಾಗ ದೊರೆಯುವ ಆದಾಯ ಸುಮಾರು 1,850. ಉಳಿಕೆಯಾದ 480 ಕಿಲೋಜೂಲೇ ನಮಗೆ ಉಷ್ಣವಾಗಿ ಒದಗುವುದು. ಕಿರಾಣಿ ಅಂಗಡಿಯ ಜಮಾಖರ್ಚಿಗಿಂತ ಇದೇನೂ ಕಠಿಣವಲ್ಲ!

ಅಂಕಗಳ ಆಸೆಗಾಗಿ ಇದನ್ನು ಹೇಳುತ್ತಿಲ್ಲ. ಮುಂಬಯಿಯ ಕಿರಿದಾದ ಖೋಲಿಗಳಲ್ಲಿ ಅಡುಗೆಯ ಗ್ಯಾಸ್ ಸೋರಿ ಗಾಳಿಯೊಡನೆ ಬೆರೆತರೂ ತಾನಾಗಿ ಹೊತ್ತಿಕೊಳ್ಳದು. ಹಳೆಯ ಬಂಧಗಳನ್ನು ಬಿಡಿಸುವ ಮೊದಲ ವೆಚ್ಚ ಹೊರಗಿನಿಂದ ಬರಬೇಕು. ದೀಪದ ಗುಂಡಿಯೊಳಗಿನ ಸಣ್ಣ ಕಿಡಿಯೇ ಅದಕ್ಕೆ ಸಾಕಾದೀತು. ಮುಂದಿನ ವೆಚ್ಚವನ್ನು ಹೊಸ ಬಂಧಗಳ ಉಷ್ಣವೇ ಭರಿಸುತ್ತದೆ. ವಾಸನೆ ಬಂದಾಗ ಗುಂಡಿಯನ್ನು ಮುಟ್ಟದೆ ಕಿಟಕಿ ತೆರೆಯಿರೆಂದು ಮನೆಯಲ್ಲಿ ಹೇಳುವುದರ ಕಾರಣ ಈ ಲೆಕ್ಕದಲ್ಲಿದೆ. ಉರುಹೊಡೆದ ಆ ವಾಕ್ಯದಲ್ಲಿ ಅದು ದೊರೆಯುವುದಿಲ್ಲ.